ಒಡ್ಡಿನ ಹುಲ್ಲು ಹಸಿರಾಗಿರುವುದೇಕೆ? ಬರದಲ್ಲಿ ಮೇವಿನ ಬೇರಿಗೆ ನೆರವಾಗುವ ಕಾಣದ ಬೂಷ್ಟು



ಮಳೆ ಕೈಕೊಟ್ಟ ವರ್ಷ ಹೊಲದ ಒಡ್ಡಿನ ಮೇಲೆ ನಿಂತು ಎರಡೂ ಕಡೆ ನೋಡಿ. ಹೊಲದೊಳಗಿನ ಜೋಳ ಹೊತ್ತು ನೆತ್ತಿಗೇರುವುದರೊಳಗೆ ಎಲೆ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. ನಿಮ್ಮ ಕಾಲಡಿಯ ಒಡ್ಡಿನ ಹುಲ್ಲಿಗೆ ಯಾರೂ ಡಿಎಪಿ ಹಾಕಿಲ್ಲ, ಯಾರೂ ನೀರು ಹಾಯಿಸಿಲ್ಲ. ಆದರೂ ಬುಡದಲ್ಲಿ ಒಂದಿಷ್ಟು ಹಸಿರು ಉಳಿದಿರುತ್ತದೆ. ಎಮ್ಮೆ ಬಿಟ್ಟರೆ ಮೊದಲು ಬಾಯಿ ಹಾಕುವುದೂ ಅಲ್ಲಿಗೇ.

ಇದಕ್ಕೆ ಕಾರಣ ಒಂದೇ ಅಲ್ಲ. ಒಡ್ಡಿನ ಹುಲ್ಲು ವರ್ಷಗಟ್ಟಲೆ ಅಲ್ಲೇ ಇದೆ, ಅದರ ಬೇರು ಆಳಕ್ಕೆ ಹೋಗಿದೆ. ಒಡ್ಡಿಗೆ ತಗುಲಿ ನಿಂತ ನೀರು ಅಲ್ಲೇ ಇಂಗಿದೆ. ಇವೆರಡೂ ನಿಮಗೆ ಗೊತ್ತಿರುವ ಮಾತು. ಮೂರನೆಯ ಕಾರಣ ಕಣ್ಣಿಗೆ ಬೀಳುವುದಿಲ್ಲ. ಆ ಹುಲ್ಲಿನ ಬೇರಿನೊಳಗೆ ಒಂದು ಜಾತಿಯ ಬೂಷ್ಟು, ಅಂದರೆ ಶಿಲೀಂಧ್ರ, ಮನೆ ಮಾಡಿಕೊಂಡಿದೆ. ಒಡ್ಡನ್ನು ಯಾರೂ ರೆಂಟೆ ಹೊಡೆದು ಕೆದಕುವುದಿಲ್ಲವಾದ್ದರಿಂದ ಅದರ ಎಳೆಗಳು ಅಲ್ಲಿ ಹರಿಯದೆ ಉಳಿದಿವೆ. ವಿಜ್ಞಾನಿಗಳು ಇದನ್ನು ಮೈಕೊರೈಜಾ ಎನ್ನುತ್ತಾರೆ. ಕೃಷಿ ಇಲಾಖೆಯವರ ಬಾಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ಇದರ ಹೆಸರು ‘ವ್ಯಾಮ್’. ಈ ಬರಹದಲ್ಲಿ ನಾವು ಬೇರು ಬೂಷ್ಟು ಎಂದೇ ಕರೆಯೋಣ.

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಆಕಳು ಎಮ್ಮೆ ಕಟ್ಟಿದವರಿಗೆ ಇದನ್ನು ತಿಳಿದು ಆಗುವ ಲಾಭವೇನು ಎಂದು ಕೇಳಬಹುದು. ನಮ್ಮ ಕಡೆ ಹಾಲಿನ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅಂಥ ವರ್ಷ ಹಣ ಕೊಟ್ಟರೂ ಕಣಿಕೆ ಸಿಗುವುದಿಲ್ಲ. ಬಣವಿ ಖಾಲಿಯಾದ ಮನೆಯಲ್ಲಿ ಮೊದಲು ಕರು ಹೋಗುತ್ತದೆ, ಆಮೇಲೆ ಗಬ್ಬದ ಎಮ್ಮೆಯೂ ಸಂತೆಯ ದಾರಿ ಹಿಡಿಯುತ್ತದೆ. ಹಾಗಾಗಿ ಅದೇ ಮಳೆಯಲ್ಲಿ, ಅದೇ ಹೊಲದಲ್ಲಿ ಇನ್ನೊಂದು ಹತ್ತು ಸೂಡು ಕಣಿಕೆ ಹೆಚ್ಚು ಬರುವ ದಾರಿ ಯಾವುದಿದ್ದರೂ ತಿಳಿದಿರುವುದು ಒಳ್ಳೆಯದು.

ಯಾವ ಬೂಷ್ಟು ಇದು?

ಮೊದಲು ಒಂದು ಗೊಂದಲ ಬಿಡಿಸೋಣ. ಬೂಷ್ಟು ಎಂದ ಕೂಡಲೇ ನಿಮಗೆ ನೆನಪಾಗುವುದು ಮಳೆಗೆ ನೆನೆದ ಕಣಿಕೆಯ ಮೇಲಿನ ಕಪ್ಪು ಪುಡಿ, ಶೇಂಗಾ ಹಿಂಡಿಯ ಮೇಲಿನ ಹಸಿರು ಪದರು. ಅದು ಬೇರೆ. ಅದರಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಆಕಳು ತಿಂದರೆ ಆ ವಿಷದ ಒಂದು ಪಾಲು ಹಾಲಿಗೂ ಇಳಿಯುತ್ತದೆ. ಆದ್ದರಿಂದ ಬೂಷ್ಟು ಹಿಡಿದ ಹಿಂಡಿ, ಮೇವು ದನಕ್ಕೆ ಕೂಡದು ಎಂಬ ಮಾತಿನಲ್ಲಿ ಏನೂ ಬದಲಾವಣೆ ಇಲ್ಲ. ತಿಪ್ಪೆಯ ಮೇಲೆ ಏಳುವ ಅಣಬೆ, ತಿಪ್ಪೆ ಕೆದರಿದಾಗ ಕಾಣುವ ಬಿಳಿ ನೂಲು, ಇವೂ ಬೇರೆ. ಅವು ಸತ್ತ ಕಸವನ್ನು ಕೊಳೆಸಿ ತಿಂದು ಬದುಕುತ್ತವೆ.

ಬೇರು ಬೂಷ್ಟಿಗೆ ಸತ್ತದ್ದು ಬೇಡ. ಅದಕ್ಕೆ ಜೀವಂತ ಬೇರೇ ಬೇಕು. ಬೇರಿನ ಹೊರಗೆ ಎಳೆ ಚಾಚುತ್ತದೆ, ಬೇರಿನ ಒಳಗೆ ಜೀವಕೋಶದೊಳಕ್ಕೇ ನುಗ್ಗಿ ಸಣ್ಣ ಗಿಡದಂತೆ ಕವಲೊಡೆಯುತ್ತದೆ. ಅಲ್ಲಿಯೇ ಕೊಡುಕೊಳ್ಳುವಿಕೆ ನಡೆಯುವುದು. ಬೆಳೆ ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಮತ್ತು ಕೊಬ್ಬಿನಂಶವನ್ನು ಕೊಡುತ್ತದೆ. ಬೂಷ್ಟು ಮಣ್ಣಿನಿಂದ ರಂಜಕ, ಸತು, ತಾಮ್ರದಂಥವನ್ನು ತಂದು ಕೊಡುತ್ತದೆ. ಬೆಳೆ ಕೊಡುವ ಪಾಲು ಸಣ್ಣದೇನಲ್ಲ. ತಾನು ತಯಾರಿಸಿದ್ದರಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತರವರೆಗೂ ಬೂಷ್ಟಿಗೆ ಹೋಗಬಹುದು ಎಂಬುದು ವಿಜ್ಞಾನಿಗಳ ಅಂದಾಜು. ಹಾಗಾಗಿ ಇದು ಧರ್ಮಕ್ಕೆ ನಡೆಯುವ ಕೆಲಸವಲ್ಲ, ವ್ಯವಹಾರ. ರಂಜಕ ಧಾರಾಳವಾಗಿ ಸಿಗುವ ಹೊಲದಲ್ಲಿ ಬೆಳೆ ಈ ಸಂಬಳದ ಆಳನ್ನು ಇಟ್ಟುಕೊಳ್ಳುವುದೇ ಇಲ್ಲ. ಈ ಮಾತನ್ನು ನೆನಪಿಡಿ, ಡಿಎಪಿ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈ ನಂಟು ಬಹಳ ಹಳೆಯದು. ಸ್ಕಾಟ್ಲೆಂಡ್ ದೇಶದ ರೈನಿ ಎಂಬ ಊರಿನ ಬಳಿ ಕಲ್ಲಾಗಿ ಉಳಿದ, ಸುಮಾರು 40 ಕೋಟಿ ವರ್ಷ ಹಿಂದಿನ ಗಿಡಗಳೊಳಗೆ ಇಂಥದೇ ಬೂಷ್ಟಿನ ಗುರುತು ಸಿಕ್ಕಿದೆ. ಆ ಗಿಡಗಳಿಗೆ ಇನ್ನೂ ಸರಿಯಾದ ಬೇರೇ ಇರಲಿಲ್ಲ. ಮೈಕೊರೈಜಾ ಎಂಬ ಹೆಸರನ್ನು 1885ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಾಂಕ್ ಇಟ್ಟರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ಡಿ.ಜೆ. ಬಾಗ್ಯರಾಜ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದ್ದಾರೆ. ಅವರ ಒಂದು ಪ್ರಯೋಗ ನಮ್ಮ ಎರಿ ಹೊಲಕ್ಕೆ ಹತ್ತಿರದ್ದು. ಅದನ್ನು ಮುಂದೆ ನೋಡೋಣ.

ಎರಿಯಲ್ಲಿ ರಂಜಕ ಇದ್ದೂ ಇಲ್ಲದಂತೆ

ನರಗುಂದ, ರೋಣದ ಎರಿ ಭೂಮಿಯನ್ನು ಬಡ ಭೂಮಿ ಎಂದರೆ ಯಾರೂ ಒಪ್ಪುವುದಿಲ್ಲ. ಮಳೆ ಹಿಡಿದರೆ ಅದರಂಥ ಮಣ್ಣು ಇಲ್ಲ. ಆದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು, ಅಲ್ಲಲ್ಲಿ ಸುಣ್ಣದ ಹರಳೇ ಸಿಗುತ್ತದೆ. ನೀವು ಹಾಕಿದ ರಂಜಕ ಈ ಸುಣ್ಣದ ಜೊತೆ ಕೂಡಿ ಗಟ್ಟಿಯಾಗಿ ಕುಳಿತುಬಿಡುತ್ತದೆ, ಬೆಳೆಗೆ ಸುಲಭವಾಗಿ ಸಿಗುವುದಿಲ್ಲ. ಸತುವಿನದೂ ಹೀಗೇ. ಗಜೇಂದ್ರಗಡದ ಗುಡ್ಡದ ಇಳಿಜಾರಿನ ಮಸಾರಿಯಲ್ಲಿ ಕಥೆ ಬೇರೆ. ಅಲ್ಲಿ ಮಣ್ಣೇ ತೆಳು, ಮೇಲಿನ ಸತ್ವ ಮಳೆಗೆ ಕೊಚ್ಚಿ ಹೋಗಿದೆ, ನೀರು ಹಿಡಿಯುವ ಶಕ್ತಿ ಕಡಿಮೆ.

ಇನ್ನೊಂದು ತೊಡಕು. ರಂಜಕ ಮಣ್ಣಿನಲ್ಲಿ ನಡೆದು ಬರುವುದಿಲ್ಲ. ಯೂರಿಯಾದ ಸಾರಜನಕ ನೀರಿನ ಜೊತೆ ಹರಿದು ಬೇರಿನ ಹತ್ತಿರ ಬರುತ್ತದೆ. ರಂಜಕ ಇದ್ದಲ್ಲೇ ಇರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಹೀರಿದ ಮೇಲೆ ಅದರ ಸುತ್ತ ಒಂದು ಖಾಲಿ ಕೊಳವೆಯಂಥ ಜಾಗ ಉಳಿಯುತ್ತದೆ. ಆಚೆಗೆ ರಂಜಕ ಇದೆ, ಕೈಗೆ ಎಟುಕುವುದಿಲ್ಲ. ಮಣ್ಣು ಒಣಗಿದಷ್ಟೂ ಈ ಅಂತರ ದೊಡ್ಡದಾಗುತ್ತದೆ, ಯಾಕೆಂದರೆ ಇದ್ದ ಅಷ್ಟಿಷ್ಟು ಚಲನೆಗೂ ತೇವವೇ ದಾರಿ. ಬರಗಾಲದಲ್ಲಿ ಬೆಳೆ ನೀರಿಲ್ಲದೆ ಬಳಲುವುದು ಕಾಣುತ್ತದೆ. ಅದೇ ಹೊತ್ತಿಗೆ ರಂಜಕವಿಲ್ಲದೆ ಹಸಿದಿರುವುದು ಕಾಣುವುದಿಲ್ಲ.

ಬೂಷ್ಟಿನ ಎಳೆ ಉಪಯೋಗಕ್ಕೆ ಬರುವುದು ಇಲ್ಲಿ. ಅದು ಬೇರಿನಿಂದ ಹೊರಟು ಹಲವು ಸೆಂಟಿಮೀಟರ್ ದೂರಕ್ಕೆ ಹೋಗುತ್ತದೆ, ಖಾಲಿ ಜಾಗವನ್ನು ದಾಟಿ ಆಚೆಯ ರಂಜಕ ಮುಟ್ಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೇರಿನ ತುದಿ ತೂರಲಾಗದ ಮಣ್ಣಿನ ಸಂದಿಗಳಲ್ಲಿ ಅದು ತೂರುತ್ತದೆ. ಜಿಗುಟಾದ ಎರಿ ಮಣ್ಣಿನಲ್ಲಿ ಕೊನೆಯ ತೇವ ಉಳಿಯುವುದು ಇಂಥ ಸಣ್ಣ ಸಂದಿಗಳಲ್ಲೇ. ಒಂದು ಚಿಟಿಕೆ ಮಣ್ಣಿನಲ್ಲಿ ಇಂಥ ಎಳೆಗಳನ್ನು ಬಿಡಿಸಿ ಉದ್ದಕ್ಕೆ ಇಟ್ಟರೆ ಹಲವು ಮೀಟರ್ ಆಗುತ್ತದೆ.

ಬರ ತಡೆಯುವುದು ಹೇಗೆ?

ಎಳೆಯೇ ನೀರು ಹೊತ್ತು ತಂದು ಬೆಳೆಗೆ ಕುಡಿಸುತ್ತದೆ ಎಂದು ಕೆಲವು ಕಂಪನಿಯವರ ಕರಪತ್ರದಲ್ಲಿ ಬರೆದಿರುತ್ತದೆ. ಇದನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ಎಳೆಯ ಮೂಲಕ ನೀರು ಬರುವುದು ನಿಜ, ಆದರೆ ಅದರ ಪ್ರಮಾಣ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಚರ್ಚೆ ನಡೆದಿದೆ. ಹೆಚ್ಚಿನ ಲಾಭ ಬೇರೆ ದಾರಿಗಳಿಂದ ಬರುತ್ತದೆ.

ಮೊದಲನೆಯದು ಮೇಲೆ ಹೇಳಿದ್ದೇ. ಸಸಿ ಇರುವಾಗಲೇ ರಂಜಕ ಸಿಕ್ಕ ಬೆಳೆ ಬೇಗ ಬೇರು ಬಿಡುತ್ತದೆ. ಹಿಂಗಾರಿ ಜೋಳದ ಬದುಕೆಲ್ಲ ನಿಂತಿರುವುದು ಈ ಓಟದ ಮೇಲೆ. ಹಸ್ತ, ಚಿತ್ತಾ ಮಳೆ ಮುಗಿದ ಮೇಲೆ ಮೇಲಿನಿಂದ ಹನಿ ಬೀಳುವ ಭರವಸೆ ಇಲ್ಲ. ತೇವ ದಿನದಿನಕ್ಕೆ ಕೆಳಕ್ಕೆ ಇಳಿಯುತ್ತದೆ, ಬೇರು ಅದರ ಬೆನ್ನು ಹತ್ತಿ ಇಳಿಯಬೇಕು. ಹತ್ತು ದಿನ ತಡವಾದ ಬೇರಿಗೆ ನೀರು ಸಿಗುವುದಿಲ್ಲ.

ಎರಡನೆಯದು, ಬೇರು ಮತ್ತು ಮಣ್ಣಿನ ಹಿಡಿತ. ಎರಿ ಒಣಗಿದಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಕೈ ತೂರುವಷ್ಟು ದೊಡ್ಡ ಬಿರುಕನ್ನು ನೀವು ನೋಡಿದ್ದೀರಿ. ಕಣ್ಣಿಗೆ ಕಾಣದ ಇನ್ನೊಂದು ಬಿರುಕು ಬೇರಿನ ಸುತ್ತ ಬೀಳುತ್ತದೆ. ಮಣ್ಣು ಹಿಂದೆ ಸರಿದು ಬೇರು ಗಾಳಿಯಲ್ಲಿ ಜೋತಾಡುವಂತಾಗುತ್ತದೆ. ಎಳೆಗಳು ಆ ಸಂದಿಯನ್ನು ಹೊಲಿಗೆಯಂತೆ ಜೋಡಿಸಿ ಹಿಡಿಯುತ್ತವೆ. ಮೂರನೆಯದು ಮಣ್ಣಿನ ಹರಳು. ಎಳೆಗಳು ಮಣ್ಣಿನ ಕಣಗಳನ್ನು ಸುತ್ತಿ ಹಿಡಿದು ಸಣ್ಣ ಸಣ್ಣ ಉಂಡೆ ಕಟ್ಟುತ್ತವೆ. ಇಂಥ ಮಣ್ಣಿನಲ್ಲಿ ಕಂಡುಬರುವ ಅಂಟಿನಂಥ ಒಂದು ಪದಾರ್ಥವನ್ನು ಅಮೆರಿಕದ ಕೃಷಿ ವಿಜ್ಞಾನಿ ಸಾರಾ ರೈಟ್ 1996ರಲ್ಲಿ ಗುರುತಿಸಿ ಗ್ಲೋಮಾಲಿನ್ ಎಂದು ಹೆಸರಿಟ್ಟರು. ಉಂಡೆ ಕಟ್ಟಿದ ಮಣ್ಣಿನಲ್ಲಿ ಮಳೆ ಇಂಗುತ್ತದೆ. ಮಸಾರಿ ಹೊಲದಲ್ಲಿ ಇದರ ಬೆಲೆ ಹೆಚ್ಚು, ಅಲ್ಲಿ ಒಂದು ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ.

ಅಲಸಂದಿ, ಹೆಸರು, ಕಡಲೆ, ಕುದುರೆಮೆಂತೆಯಂಥ ಬೆಳೆಗೆ ಇನ್ನೊಂದು ಉಪಯೋಗ. ಇವುಗಳ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯಬೇಕಾದರೆ ರಂಜಕ ಬೇಕು. ರಂಜಕ ತಂದುಕೊಡುವ ಬೂಷ್ಟು ಇದ್ದರೆ ಗಂಟೂ ಚೆನ್ನಾಗಿ ಕಟ್ಟುತ್ತದೆ.

ರಂಜಕ ಎಂದರೆ ನಿಮ್ಮ ಕೊಟ್ಟಿಗೆಗೂ ಸಂಬಂಧ ಇದೆ. ಮೇವಿನಲ್ಲಿ ರಂಜಕ ತೀರ ಕಡಿಮೆಯಾದಾಗ ದನ ಎಲುಬು, ಚಪ್ಪಲಿ, ಬಟ್ಟೆ ಅಗಿಯುತ್ತದೆ. ಬೆದೆಗೆ ಬರುವುದು ತಡವಾಗುತ್ತದೆ. ಬರೀ ಜೋಳದ ಕಣಿಕೆಯ ಮೇಲೆ ಇರುವ ದನಕ್ಕೆ ಈ ಕೊರತೆ ಹೆಚ್ಚು, ಕಣಿಕೆಯಲ್ಲಿ ರಂಜಕ ಬಹಳ ಕಡಿಮೆ. ಬೇರು ಬೂಷ್ಟು ಇದೆ ಎಂದು ಖನಿಜ ಮಿಶ್ರಣ ನಿಲ್ಲಿಸಬೇಡಿ. ಕಣಿಕೆ ಎಷ್ಟು ಚೆನ್ನಾಗಿ ಬೆಳೆದರೂ ಹಾಲು ಕೊಡುವ ಆಕಳಿಗೆ ಬೇಕಾದಷ್ಟು ರಂಜಕ ಅದರಿಂದ ಸಿಗುವುದಿಲ್ಲ. ಬೂಸಾ, ಹಿಂಡಿ, ಸಂಘದ ಖನಿಜ ಮಿಶ್ರಣ ಬೇಕೇ ಬೇಕು.

ಬೀಳು ಬಿಟ್ಟ ಕರಿ ಹೊಲದ ಕಥೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಡಾರ್ಲಿಂಗ್ ಡೌನ್ಸ್ ಎಂಬ ಸೀಮೆ ಇದೆ. ಅಲ್ಲಿಯದೂ ನಮ್ಮಂಥದೇ ಕರಿ ಮಣ್ಣು, ಒಣಗಿದರೆ ಬಿರಿಯುವಂಥದು. ಬೆಳೆಯೂ ಪರಿಚಯದ್ದೇ: ಜೋಳ, ಗೋವಿನಜೋಳ, ಸೂರ್ಯಕಾಂತಿ, ಕಡಲೆ, ಅಗಸಿ. ಮಳೆ ನೀರು ಕೂಡಿಡಲೆಂದು ಅಲ್ಲಿನ ರೈತರು ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಲವನ್ನು ಬೀಳು ಬಿಡುತ್ತಿದ್ದರು, ಒಂದು ಕಸ ಏಳದಂತೆ ಹರಗುತ್ತಿದ್ದರು. ಬೀಳು ಬಿಟ್ಟ ಹೊಲದಲ್ಲಿ ತೇವ ಹೆಚ್ಚು, ಸಾರಜನಕವೂ ಹೆಚ್ಚು. ಬೆಳೆ ಜೋರಾಗಿ ಬರಬೇಕಿತ್ತು. ಬಂದದ್ದು ಗಿಡ್ಡ, ಹಳದಿ ಬೆಳೆ. ಪ್ರತಿ ವರ್ಷ ಬಿತ್ತಿದ ಪಕ್ಕದ ಹೊಲವೇ ವಾಸಿ ಇತ್ತು. ಮಣ್ಣಿನಲ್ಲಿ ರೋಗ ಹುಡುಕಿದರು. ಕೊನೆಗೆ ಅಲ್ಲಿನ ವಿಜ್ಞಾನಿ ಜಾನ್ ಥಾಮ್ಸನ್ 1987ರಲ್ಲಿ ಕಾರಣ ತೋರಿಸಿದರು. ರೋಗ ಬಂದಿರಲಿಲ್ಲ, ಇರಬೇಕಾದ ಬೂಷ್ಟು ಹೋಗಿತ್ತು. ಜೀವಂತ ಬೇರಿಲ್ಲದೆ ಅಷ್ಟು ಕಾಲ ಕಳೆದ ಬೇರು ಬೂಷ್ಟು ಹಸಿದು ಕ್ಷೀಣಿಸಿತ್ತು, ಬೆಳೆಗೆ ರಂಜಕ ಮತ್ತು ಸತು ಸಿಗದಾಗಿತ್ತು.

ನಮ್ಮಲ್ಲಿ ಅಷ್ಟು ದೀರ್ಘ ಕಾಲ ಬೀಳು ಬಿಡುವುದು ಕಡಿಮೆ. ಆದರೆ ಎರಿಯಲ್ಲಿ ಮುಂಗಾರಿಗೆ ಏನೂ ಬಿತ್ತದೆ ಹರಗಿ ಇಟ್ಟು, ಹಿಂಗಾರಿಗೆ ಜೋಳ ಅಥವಾ ಕಡಲೆ ಬಿತ್ತುವುದು ಹಳೆಯ ರೂಢಿ. ಮಾಘ-ಫಾಲ್ಗುಣದಲ್ಲಿ ಬೆಳೆ ಎದ್ದರೆ ಮತ್ತೆ ಬೇರು ಬೀಳುವುದು ಏಳೆಂಟು ತಿಂಗಳ ಮೇಲೆ. ಮುಂಗಾರಿಯೂ ಹೋಗಿ ಹಿಂಗಾರಿಯೂ ತಪ್ಪಿದ ವರ್ಷ ನಮ್ಮ ಹೊಲವೂ ಡಾರ್ಲಿಂಗ್ ಡೌನ್ಸಿನ ಹೊಲದಂತೆಯೇ. ಬರದ ಮರುವರ್ಷ ಮಳೆ ಚೆನ್ನಾಗಿ ಆದರೂ ಸಸಿ ಯಾಕೋ ಏಳುತ್ತಿಲ್ಲ ಅನ್ನಿಸಿದರೆ ಇದೂ ಒಂದು ಕಾರಣ ಇರಬಹುದು.

ಹೀಗಿರುವಾಗ ನಮ್ಮ ಭಾಗದಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಅದನ್ನು ಬಿಡಿಸಿಕೊಂಡು ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಪದ್ಧತಿ ಬಹಳ ಜಾಣತನದ್ದು. ಎರಡು ತಿಂಗಳ ಹೆಸರು ಬೆಳೆ ಬೂಷ್ಟಿಗೆ ಅನ್ನ ಹಾಕುತ್ತದೆ. ಬುಟ್ಟಿ ಕಾಳು ಬರದಿದ್ದರೂ ಹೆಸರಿನ ಹೊಟ್ಟು ದನಕ್ಕೆ ಬಂತು, ಮುಂದಿನ ಜೋಳಕ್ಕೆ ಬೂಷ್ಟು ಉಳಿಯಿತು. ಹೆಸರಿಗೆ ಮಳೆ ತಡವಾದರೆ ಮೇವಿನ ಅಲಸಂದಿಯನ್ನಾದರೂ ಹಾಕಬಹುದು.

ಎಲ್ಲ ಬೆಳೆಯೂ ಈ ಬೂಷ್ಟನ್ನು ಸಾಕುವುದಿಲ್ಲ. ಸಾಸಿವೆ, ಕೋಸು, ಮೂಲಂಗಿ ಇದನ್ನು ಬೇರಿಗೆ ಸೇರಿಸುವುದೇ ಇಲ್ಲ. ಪಾಲಕ್, ಬೀಟ್‌ರೂಟ್ ಕೂಡ ಅದೇ ಗುಂಪು. ಇವನ್ನು ಬೆಳೆಯಬೇಡಿ ಎಂದಲ್ಲ, ಹೊಲದ ತುಂಬ ಇವನ್ನೇ ಹಾಕಿದ ಮೇಲೆ ಬರುವ ಬೆಳೆಗೆ ಬೂಷ್ಟು ಕಡಿಮೆ ಎಂದು ತಿಳಿದಿರಿ. ಜೋಳ, ಸಜ್ಜೆ, ಗೋವಿನಜೋಳ, ನೇಪಿಯರ್, ಗಿನಿ ಹುಲ್ಲು, ಶೇಂಗಾ, ಕುಸುಬಿ, ಅಗಸಿ, ಮೆಣಸಿನಕಾಯಿ ಎಲ್ಲವೂ ಸಾಕುತ್ತವೆ. ಉಳ್ಳಾಗಡ್ಡಿಯಂತೂ ಇದಿಲ್ಲದೆ ಬಡವಾಗುತ್ತದೆ. ಕಿತ್ತ ಉಳ್ಳಾಗಡ್ಡಿಯ ಬೇರು ನೋಡಿ: ನಾಲ್ಕು ದಪ್ಪ ನೂಲು, ಕವಲು ಕಡಿಮೆ, ರೋಮ ಇಲ್ಲವೇ ಇಲ್ಲ ಎನ್ನುವಷ್ಟು. ಬೇರಿನ ಕೆಲಸವನ್ನು ಅದು ಬಹುಪಾಲು ಬೂಷ್ಟಿಗೆ ಬಿಟ್ಟುಕೊಟ್ಟಿದೆ.

ಇದ್ದದ್ದನ್ನು ಉಳಿಸಿಕೊಳ್ಳುವುದು ಮೊದಲು

ಪಾಕೀಟು ಕೊಳ್ಳುವ ಮಾತು ಆಮೇಲೆ. ನಿಮ್ಮ ಹೊಲದಲ್ಲಿ ಈಗಾಗಲೇ ಬೇರು ಬೂಷ್ಟು ಇದೆ, ಅದನ್ನು ಕೊಲ್ಲದಿದ್ದರೆ ಅರ್ಧ ಕೆಲಸ ಆಯಿತು.

ಸಗಣಿ ಗೊಬ್ಬರ ಚೆನ್ನಾಗಿ ಕಳಿತದ್ದು ಹಾಕಿದರೆ ಬೂಷ್ಟಿಗೆ ಅನುಕೂಲ. ಈ ವಿಷಯದಲ್ಲಿ ಹೈನುಗಾರರ ಮನೆಗೆ ಬೇರೆಯವರಿಗಿಲ್ಲದ ಬಲ ಇದೆ. ಸಾಲಿನಲ್ಲಿ ಡಿಎಪಿ ಜಾಸ್ತಿ ಸುರಿದಾಗ ಮಾತ್ರ ಬೆಳೆ ಬೂಷ್ಟಿನ ಸಂಬಳ ನಿಲ್ಲಿಸುತ್ತದೆ. ಹಾಗೆಂದು ರಂಜಕದ ಗೊಬ್ಬರ ಪೂರ್ತಿ ಬಿಡಿ ಎಂದು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಿ. ಅಕ್ಕಪಕ್ಕದವರು ಒಂದು ಚೀಲ ಹಾಕಿದರು ಎಂದು ನಾವೂ ಹಾಕುವುದರಲ್ಲಿ ಹಣವೂ ಹೋಯಿತು, ಬೂಷ್ಟೂ ಹೋಯಿತು. ಬೀಜೋಪಚಾರಕ್ಕೆ ಕಾರ್ಬೆಂಡಾಜಿಮ್‌ನಂಥ ಶಿಲೀಂಧ್ರನಾಶಕ ಬಳಸಿದರೆ ಅದಕ್ಕೆ ಒಳ್ಳೆಯ ಬೂಷ್ಟು, ಕೆಟ್ಟ ಬೂಷ್ಟು ಎಂಬ ಭೇದ ತಿಳಿಯುವುದಿಲ್ಲ. ರೋಗದ ಹೊಲದಲ್ಲಿ ಅದು ಅನಿವಾರ್ಯ, ಸುಮ್ಮನೆ ರೂಢಿಗೆ ಬೇಡ.

ಹರಗುವ ವಿಷಯದಲ್ಲಿ ಸ್ವಲ್ಪ ಇಕ್ಕಟ್ಟಿದೆ. ಕುಂಟೆ ಹೊಡೆದಷ್ಟು ಸಲ ಎಳೆಗಳ ಜಾಲ ಹರಿಯುತ್ತದೆ. ಆದರೆ ಎರಿಯಲ್ಲಿ ಬಿರುಕು ಮುಚ್ಚಿ ತೇವ ಹಿಡಿಯಲು, ಕಸ ಕೊಲ್ಲಲು ಹರಗಲೇಬೇಕು. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಮೇಲಿಂದ ಮೇಲೆ ಕುಂಟೆ ಆಡಿಸುವುದರಿಂದ ಅಷ್ಟು ಹಾನಿ ಇಲ್ಲ, ಪ್ರತಿ ವರ್ಷ ಟ್ರ್ಯಾಕ್ಟರಿನಿಂದ ಆಳಕ್ಕೆ ಮಗುಚುವುದು, ಮೇಲೆ ರೋಟವೇಟರ್ ಹೊಡೆದು ಹಿಟ್ಟು ಮಾಡುವುದು ಬೇಡ. ಜೋಳವನ್ನು ಕೆಲವು ಕಡೆ ಬೇರು ಸಮೇತ ಕೀಳುತ್ತಾರೆ, ಕೆಲವು ಕಡೆ ಕುಡುಗೋಲಿನಿಂದ ಕೊಯ್ಯುತ್ತಾರೆ. ಕೊಯ್ದಲ್ಲಿ ಬೇರು ಮಣ್ಣಿನಲ್ಲೇ ಉಳಿಯುತ್ತದೆ. ಒಣಗಿದ ಆ ಬೇರಿನ ತುಂಡಿನೊಳಗೆ ಬೂಷ್ಟು ಮುಂದಿನ ಬಿತ್ತನೆಗೆ ಕಾದಿರುತ್ತದೆ. ಕಾಲುವೆ ನೀರು ಹಾಯುವ ನರಗುಂದದ ಹೊಲಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಬೂಷ್ಟಿಗೂ ಉಸಿರಾಡಲು ಗಾಳಿ ಬೇಕು.

ಪಾಕೀಟು ಕೊಳ್ಳುವುದೋ, ಚೀಲದಲ್ಲಿ ಬೆಳೆಸುವುದೋ

ಡಾ. ಬಾಗ್ಯರಾಜ್ ಅವರ ಪ್ರಯೋಗದ ಮಾತು ಇಲ್ಲಿ ಬರಬೇಕು. ಅವರೂ ಕೆ.ಆರ್. ಶ್ರೀರಾಮುಲು ಅವರೂ ಸೇರಿ ಮೆಣಸಿನಕಾಯಿ ಸಸಿಮಡಿಯಲ್ಲೇ ಬೇರು ಬೂಷ್ಟು ಸೇರಿಸಿ, ಆ ಸಸಿಗಳನ್ನು ಹೊಲಕ್ಕೆ ನಾಟಿ ಮಾಡಿ ನೋಡಿದರು. ಬೆಳವಣಿಗೆ, ಇಳುವರಿ ಹೆಚ್ಚಿತು, ರಂಜಕದ ಗೊಬ್ಬರ ಉಳಿಯಿತು ಎಂದು 1982ರಲ್ಲಿ ಪ್ರಕಟಿಸಿದರು. 1986ರಲ್ಲಿ ಕರಿ ಜಿಗುಟು ಮಣ್ಣಿನ ಹೊಲದಲ್ಲಿ ನಡೆಸಿದ ಪ್ರಯೋಗದ ವರದಿಯೂ ಬಂತು. ಈ ಕೆಲಸದಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ ಜಾಗದ್ದು. ಎಕರೆಗಟ್ಟಲೆ ಚೆಲ್ಲುವ ಬದಲು ಸಣ್ಣ ಸಸಿಮಡಿಯಲ್ಲಿ, ಬೇರು ಹುಟ್ಟುವ ಜಾಗದಲ್ಲೇ ಕೊಡಬೇಕು. ಕಡಿಮೆ ಸಾಮಾನಿನಲ್ಲಿ ಪ್ರತಿ ಗಿಡಕ್ಕೂ ಬೂಷ್ಟು ಹತ್ತುತ್ತದೆ.

ಅಂಗಡಿಯ ಪಾಕೀಟಿನ ಬಗ್ಗೆ ಒಂದೆರಡು ಮಾತು. ಮೈಕೊರೈಜಾ ಗೊಬ್ಬರ ಈಗ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ಬರುತ್ತದೆ, ಹಾಗಾಗಿ ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಒಳಗೆ ಏನು ಎಷ್ಟಿದೆ ಎಂಬುದು ಚೀಟಿಯ ಮೇಲೆ ಇರಲೇಬೇಕು. ಇದು ಜೀವ ಇರುವ ಸಾಮಾನು. ಬಿಸಿಲಿನಲ್ಲಿ ಗಾಜಿನ ಕಪಾಟಿನಲ್ಲಿಟ್ಟ ಹಳೆಯ ಪಾಕೀಟು ಬರೀ ಪುಡಿ. ಬೂಷ್ಟು ಜೀವಂತ ಬೇರಿನಲ್ಲಿ ಮಾತ್ರ ಬೆಳೆಯುವುದರಿಂದ ಇದನ್ನು ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಕೊಳೆಸಿ ಹೆಚ್ಚಿಸಲು ಬರುವುದಿಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಬೇಡಿ. ಕೊಳ್ಳುವ ಮೊದಲು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಒಂದು ಮಾತು ಕೇಳಿ.

ಮನೆಯಲ್ಲೇ ಬೆಳೆಸಿಕೊಳ್ಳಲು ಬೇಕಾದದ್ದು ಖಾಲಿ ಪಶು ಆಹಾರದ ಚೀಲ. ನಾಲ್ಕೈದು ವರ್ಷದಿಂದ ರೆಂಟೆ ಕಾಣದ ಒಡ್ಡಿನ ಮೇಲೆ, ಹುಲ್ಲಿನ ಬುಡದಿಂದ ಬೇರು ಸಮೇತ ಎರಡು ಬುಟ್ಟಿ ಮಣ್ಣು ತೆಗೆಯಿರಿ. ಮೇಲಿನ ಗೇಣುದ್ದದ ಮಣ್ಣು ಸಾಕು. ಕಡಲೆ ಸಿಡಿ ಹತ್ತಿದ, ಬೇರು ಕೊಳೆತ ಹೊಲದ ಹತ್ತಿರದ ಮಣ್ಣು ಬೇಡ, ರೋಗವನ್ನೂ ಸಾಕಿದಂತಾಗುತ್ತದೆ. ಜೋಳದ ಬೇರಿಗೆ ಅಂಟಿಕೊಂಡು ರಸ ಹೀರುವ ಪರಾವಲಂಬಿ ಕಸ ಏಳುವ ಹೊಲದ್ದೂ ಬೇಡ. (ಈ ಕಸದ ಕಥೆ ವಿಚಿತ್ರ. ರಂಜಕಕ್ಕೆ ಹಸಿದ ಬೇರು ಬೂಷ್ಟನ್ನು ಕರೆಯಲು ಮಣ್ಣಿಗೆ ಒಂದು ರಾಸಾಯನಿಕ ಬಿಡುತ್ತದೆ. ಆ ಕರೆಯನ್ನು ಕದ್ದು ಕೇಳಿಸಿಕೊಂಡು ಈ ಕಸದ ಬೀಜ ಮೊಳೆಯುತ್ತದೆ.)

ಚೀಲದ ಬುಡದಲ್ಲಿ ನಾಲ್ಕು ತೂತು ಮಾಡಿ. ಅರ್ಧ ಮಣ್ಣು, ಅರ್ಧ ಮರಳು ಬೆರೆಸಿ ಮುಕ್ಕಾಲು ಚೀಲ ತುಂಬಿ, ಅದರ ಮೇಲೆ ಒಡ್ಡಿನ ಮಣ್ಣನ್ನು ನಾಲ್ಕು ಬೆರಳು ದಪ್ಪ ಹರಡಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಜೋಳ ಹತ್ತು ಕಾಳು, ಜೊತೆಗೆ ನಾಲ್ಕು ಉಳ್ಳಾಗಡ್ಡಿ ಊರಿ. ಡಿಎಪಿ ಹಾಕಬೇಡಿ, ತಿಪ್ಪೆ ಗೊಬ್ಬರವನ್ನೂ ಜಾಸ್ತಿ ಹಾಕಬೇಡಿ. ಬೇರಿಗೆ ಸ್ವಲ್ಪ ಹಸಿವು ಇದ್ದರೆ ಮಾತ್ರ ಬೂಷ್ಟನ್ನು ಕರೆಯುತ್ತದೆ. ಮೂರು ತಿಂಗಳು ಹದವಾಗಿ ನೀರು ಕೊಟ್ಟು, ಕೊನೆಯ ಹತ್ತು ದಿನ ನೀರು ನಿಲ್ಲಿಸಿ. ಬೆಳೆ ಒಣಗುವಾಗ ಬೂಷ್ಟು ಬೀಜಗಳಂಥ ಕಣ ಕಟ್ಟುತ್ತದೆ. ಆಮೇಲೆ ಮೇಲಿನ ಗಿಡ ಕೊಯ್ದು ತೆಗೆದು, ಬೇರನ್ನು ಸಣ್ಣಗೆ ಕತ್ತರಿಸಿ ಚೀಲದ ಮಣ್ಣಿನಲ್ಲೇ ಬೆರೆಸಿ. ನೆರಳಿನಲ್ಲಿಡಿ, ಆ ಹಂಗಾಮಿನಲ್ಲೇ ಬಳಸಿಬಿಡಿ.

ಇದನ್ನು ಎಲ್ಲಿ ಹಾಕುವುದು? ಹೈಬ್ರಿಡ್ ನೇಪಿಯರ್ ನೆಡುವಾಗ ಪ್ರತಿ ಗುಣಿಗೆ ಒಂದು ಹಿಡಿ, ತುಂಡಿನ ಗಣ್ಣಿಗೆ ತಾಗುವಂತೆ. ಎರಡೆರಡು ಅಡಿಗೆ ಒಂದರಂತೆ ನೆಟ್ಟರೆ ಒಂದು ಗುಂಟೆಗೆ ಸುಮಾರು 280 ತುಂಡು ಹಿಡಿಯುತ್ತವೆ. ಹಿಡಿಗೆ 50 ಗ್ರಾಂ ಎಂದರೂ 14 ಕಿಲೋ ಆಯಿತು, ಒಂದು ಚೀಲದಲ್ಲಿ ಗುಂಟೆ ಮುಗಿದು ಇನ್ನೂ ಉಳಿಯುತ್ತದೆ. ನೇಪಿಯರ್ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ ಬೆಳೆ, ಬೇರು ಕೆದಕುವ ಪ್ರಸಂಗ ಇಲ್ಲ, ಹಾಗಾಗಿ ಒಮ್ಮೆ ಹತ್ತಿದ ಬೂಷ್ಟು ಉಳಿಯುತ್ತದೆ. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರು ಹೊರತಂದ ಡಿಎಚ್‌ಎನ್-6 ತಳಿಯನ್ನೂ ಹೀಗೆ ನೆಡಬಹುದು. ಮೆಣಸಿನಕಾಯಿ ಸಸಿಮಡಿಗೆ ಬೀಜದ ಸಾಲಿನ ಕೆಳಗೆ ಬೆರಳು ದಪ್ಪ ಹರಡಿದರೆ ಸಾಕು. ಎಕರೆಗಟ್ಟಲೆ ಜೋಳಕ್ಕೆ ಚೀಲದ ಮಣ್ಣು ಸಾಲುವುದಿಲ್ಲ. ಅಲ್ಲಿ ಹೆಸರು-ಜೋಳದ ಸರದಿಯೇ ದಾರಿ.

ಎಲ್ಲ ಗುಂಟೆಗೂ ಒಮ್ಮೆಗೇ ಹಾಕಬೇಡಿ. ಎರಡು ಸಾಲಿಗೆ ಹಾಕಿ, ಪಕ್ಕದ ಎರಡು ಸಾಲು ಹಾಗೇ ಬಿಡಿ. ಮೊದಲ ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ. ಮೊದಲೇ ಬೂಷ್ಟು ಚೆನ್ನಾಗಿರುವ ಹೊಲದಲ್ಲಿ ಅಥವಾ ವರ್ಷಗಟ್ಟಲೆ ಡಿಎಪಿ ಉಂಡ ಹೊಲದಲ್ಲಿ ವ್ಯತ್ಯಾಸ ಕಾಣದೆಯೂ ಇರಬಹುದು. ಗಜೇಂದ್ರಗಡದ ತೆಳು ಮಸಾರಿಯಲ್ಲಿ, ಹೊಸದಾಗಿ ಮಟ್ಟ ಮಾಡಿ ಮೇಲ್ಮಣ್ಣು ಕಳೆದುಕೊಂಡ ಹೊಲದಲ್ಲಿ ಕಾಣುವ ಸಂಭವ ಹೆಚ್ಚು.

ಒಂದು ಎಚ್ಚರಿಕೆ

ಬೂಷ್ಟು ಇದ್ದರೂ ಮಳೆ ಪೂರ್ತಿ ಹೋದರೆ ಜೋಳ ಗಿಡ್ಡಾಗಿಯೇ ನಿಲ್ಲುತ್ತದೆ. ಅಂಥ ಹಸಿ ಜೋಳ ನೋಡಿ, ಹಾಳಾಗುವುದರ ಬದಲು ಎಮ್ಮೆಗಾದರೂ ಆಗಲಿ ಎಂದು ಕೊಯ್ದು ಹಾಕಬೇಡಿ, ದನ ಬಿಡಬೇಡಿ. ಬರಕ್ಕೆ ಸಿಕ್ಕಿ ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದ ಜೋಳದಲ್ಲಿ ಸೈನೈಡ್ ವಿಷ ಹೆಚ್ಚಿರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ದನ ಏದುಸಿರು ಬಿಡುತ್ತದೆ, ತೂರಾಡುತ್ತದೆ, ಬೀಳುತ್ತದೆ. ತಡವಾದರೆ ಉಳಿಯುವುದಿಲ್ಲ, ಕೂಡಲೇ ಪಶುವೈದ್ಯರನ್ನು ಕರೆಯಬೇಕು, ಇದಕ್ಕೆ ಅವರ ಹತ್ತಿರ ಚುಚ್ಚುಮದ್ದು ಇದೆ. ಜೋಳ ಹೂವಾಡಿದ ಮೇಲೆ ಕೊಯ್ದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಕಿದರೆ ವಿಷ ಬಹಳ ಇಳಿದಿರುತ್ತದೆ.

ಚೀಲ ತುಂಬುವ ಹೊತ್ತು ಈಗ ತಿಳಿಸಿಬಿಡುತ್ತೇವೆ. ಮುಂಗಾರಿನಲ್ಲಿ ನೇಪಿಯರ್ ನೆಡುವವರು, ಮೆಣಸಿನಕಾಯಿ ಸಸಿ ಹಾಕುವವರು ಫೆಬ್ರುವರಿ ಕೊನೆಗೆ ಚೀಲ ಬಿತ್ತಿದರೆ ರೋಹಿಣಿ ಮಳೆ ಹೊತ್ತಿಗೆ ತಯಾರು. ಬೇಸಿಗೆಯಲ್ಲಿ ಒಂದು ಚೀಲಕ್ಕೆ ದಿನಕ್ಕೆ ಎರಡು ಚೆಂಬು ನೀರು ಬೇಕಾಗಬಹುದು, ಹಾಲಿನ ಕ್ಯಾನು ಕೊನೆಯಲ್ಲಿ ಬರೀ ನೀರಿನಿಂದ ಗಲಬರಿಸಿದ ನೀರೇ ಅದಕ್ಕೆ ಸಾಕು. ಸೋಡಾ, ಸೋಪು ಬೆರೆಸಿ ತೊಳೆದ ನೀರು ಮಾತ್ರ ಬೇಡ.